ಕೊಸರಿಗೆ ಕೋಡ್ ಇಲ್ಲ

ತಿಂಗಳ ಎರಡನೇ ಮಂಗಳವಾರ, ಬೆಳಗ್ಗೆ ಒಂಬತ್ತೂವರೆ.
ಹಾಸನದ ಕಟ್ಟಿನಕೆರೆ ಮಾರುಕಟ್ಟೆಯ ಬಾಯಲ್ಲಿ
ನಾನು, ಹೆಗಲಿಗೆ ಚೀಲ, ಕೈಯಲ್ಲಿ ಟ್ಯಾಬ್.
ಏನೂ ಕೊಳ್ಳುವುದಿಲ್ಲ. ಬೆಲೆ ಮಾತ್ರ ಕೇಳುತ್ತೇನೆ.

"ಬಂದ್ರು ನೋಡ್ರಪ್ಪ, ಕೊಳ್ದೆ ಇರೋ ಗಿರಾಕಿ,"
ಅನ್ನುತ್ತಾನೆ ಈರುಳ್ಳಿಯ ಮುನೀರ್.
ಹನ್ನೊಂದು ವರ್ಷದಿಂದ ಅದೇ ಮಾತು.
ಅದರ ದರವೊಂದು ಏರಿಲ್ಲ.

ನಿಯಮ ಸರಳ: ಅದೇ ಅಂಗಡಿ, ಅದೇ ವಾರ,
ಅದೇ ವಸ್ತು, ಅದೇ ಗುಣಮಟ್ಟ.
ಆಲೂಗೆಡ್ಡೆ, ಮಧ್ಯಮ ಗಾತ್ರ, ಮಣ್ಣಿಲ್ಲದ್ದು
(ಹಾಸನದಲ್ಲಿ, ಮಣ್ಣಿಲ್ಲದ ಆಲೂಗೆಡ್ಡೆ!
ದೆಹಲಿಯಲ್ಲಿ ಕೂತು ಬರೆದವರಿಗೆ ನಮಸ್ಕಾರ).
ರಾಗಿ, ಬಿಡಿ, ಒಂದು ಕೇಜಿ.
ಗಂಡಸರ ಕ್ಷೌರ, ಒಂದು ತಲೆ.
ಹೊಲಿಗೆ ಕೂಲಿ, ರವಿಕೆ, ಲೈನಿಂಗ್ ಇಲ್ಲದ್ದು.
ಸಾಲದ ಬಡ್ಡಿ ಪಟ್ಟಿಯಲ್ಲಿಲ್ಲ.

"ಸೋಪು ಹಳೇ ರೇಟೇ," ಎಂದರು ಧರಣೇಂದ್ರಯ್ಯ.
ತಿರುಗಿಸಿ ನೋಡಿದೆ: ನೂರೈವತ್ತು ಗ್ರಾಂ ಇದ್ದದ್ದು
ನೂರಿಪ್ಪತ್ತೈದು. ಫೋಟೋಗೆ ನಿಂತವನು
ಹೊಟ್ಟೆ ಒಳಗೆಳೆದುಕೊಂಡ ಹಾಗೆ ನಡುವೆ ಒಂದು ತಗ್ಗು.
'ಕೈಗೆ ಹೊಸ ಹಿಡಿತ' ಅಂತ ಕವರಿನ ಮೇಲೆ ಬರೆದಿದೆ.
ಇದು ಟ್ಯಾಬಿಗೆ ಸಿಗುತ್ತದೆ. ಭಾಗಿಸಿ, ಗುಣಿಸಿ,
ಬಚ್ಚಿಟ್ಟದ್ದನ್ನು ಹೊರಗೆಳೆಯುತ್ತದೆ.
ಇಂಥ ಕಳ್ಳತನಕ್ಕೆ ನಮ್ಮಲ್ಲಿ ಸೂತ್ರವಿದೆ.

"ನೀವು ಬರ್ಕೊಂಡು ಹೋದ್ರೆ ನೌಕರರಿಗೆ ಡಿಎ ಏರುತ್ತೆ,
ನಂಗೇನು ಬಂತು?"
ನನಗೂ ಏನಿಲ್ಲ, ಅಂದೆ. ನಾನು ಗುತ್ತಿಗೆಯವಳು.
ಇಬ್ಬರೂ ನಕ್ಕೆವು. ಚಹಾ ತರಿಸಿದರು.
ಲೋಟವೂ ಸಣ್ಣದಾಗಿತ್ತು. ಅದನ್ನು ಬರೆದುಕೊಳ್ಳಲಿಲ್ಲ.

ಕೊನೆಗೆ ಸೊಪ್ಪಿನ ಜವರಮ್ಮ, ಗೋಣಿತಾಟಿನ ಮೇಲೆ.
ದಂಟು, ಕೀರೆ, ಮೆಂತ್ಯ. ಕಟ್ಟಿಗೆ ಹತ್ತು.
ಹೋದ ತಿಂಗಳೂ ಹತ್ತು, ಹೋದ ವರ್ಷವೂ ಹತ್ತು.
ಕಟ್ಟು ತೂಗಿದೆ. ತೂಕವೂ ಸರಿಯಾಗಿಯೇ ಇದೆ.
"ಏನೂ ಏರಿಲ್ವಾ?"
"ಏನೂ ಏರಿಲ್ಲ ಕಣವ್ವ, ಬರ್ಕೋ."

ಅಷ್ಟರಲ್ಲಿ ಒಬ್ಬಳು ಚೀಲ ಒಡ್ಡಿ ನಿಂತಳು.
ಜವರಮ್ಮನ ಬಲಗೈ, ಅಭ್ಯಾಸಬಲದಿಂದ,
ಕರಿಬೇವಿನ ರಾಶಿಯ ತನಕ ಹೋಯಿತು,
ನಿಂತಿತು,
ಒಂದು ಎಸಳು ಮುಟ್ಟಿ
ಬರಿದೇ ವಾಪಸು ಬಂದು ಸೆರಗು ಸರಿಮಾಡಿತು.

ಮೊದಲೆಲ್ಲ ಎರಡು ಎಸಳು, ಮೇಲೊಂದಿಷ್ಟು ಕೊತ್ತಂಬರಿ,
ಕೇಳಿದರೆ ಹಸಿಮೆಣಸಿನಕಾಯಿ,
ಕೇಳದಿದ್ದರೂ, ಕಂಕುಳಲ್ಲಿ ಕೂಸಿದ್ದರೆ,
ಅದರ ಕೈಗೊಂದು ಕ್ಯಾರೆಟ್ಟು.
ಯಾರೂ ಅದಕ್ಕೆ ಬೆಲೆ ಕಟ್ಟಿರಲಿಲ್ಲ,
ಹಾಗಾಗಿ ಅದಕ್ಕೆ ಏರಲು ಬರುವುದಿಲ್ಲ, ಇಳಿಯಲೂ.
ನಿಂತುಹೋಗುತ್ತದೆ, ಅಷ್ಟೆ.

ಸಂಜೆ ಸೂಪರ್‌ವೈಸರ್ ಪ್ರಸನ್ನವದನ ಸಾರ್‌ಗೆ ಫೋನು:
"ಸಾರ್, ಕೊಸರನ್ನ ಯಾವ ಕೋಡಲ್ಲಿ ಹಾಕ್ಲಿ?"
"ಏನಮ್ಮ ಅದು, ತರಕಾರಿಯಾ?"
"ಅಲ್ಲ ಸಾರ್. ಕೊಟ್ಟಾದ ಮೇಲೆ ಕೊಡೋದು."
ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ.
ಅವರೂ ಅರಕಲಗೂಡಿನವರೇ.
"ಷರಾ ಅಂತ ಒಂದು ಕಾಲಂ ಇದೆಯಲ್ಲ, ಅಲ್ಲಿ ಬರಿಯಮ್ಮ.
ಅಲ್ಲಿರೋದನ್ನ ಯಾರೂ ಕೂಡೋದಿಲ್ಲ."

ಬರೆದೆ: 'ಕರಿಬೇವು. ಕೈ ಹೋಗಿ ವಾಪಸು ಬಂತು.'
ಅಕ್ಷರ ಮಿತಿಯೊಳಗೇ ಹಿಡಿಯಿತು.

ರಾತ್ರಿ, ವಠಾರದ ಕೊನೆ ಮನೆಯ ಹುಡುಗಿ
ಬಟ್ಟಲು ಹಿಡಿದು ಬಾಗಿಲಿಗೆ ಬಂದಳು:
"ಆಂಟಿ, ಹೆಪ್ಪಿಗೆ ಒಂಚೂರು ಮೊಸರು."
ಅರ್ಧ ಲೀಟರಿನ ಪ್ಯಾಕೆಟ್ಟು. ಅದರ ಹೊಸ ದರ
ಬೆಳಗ್ಗೆ ನಾನೇ ಒತ್ತಿದ್ದೆ, ಎರಡು ಸಲ, ತಪ್ಪಾಗದಿರಲೆಂದು.
ನನ್ನ ಕೈ
ಸೌಟಿನ ತನಕ ಹೋಯಿತು,
ನಿಂತಿತು,
ಚಮಚ ತೆಗೆದುಕೊಂಡಿತು.

ಹುಡುಗಿ ಬಟ್ಟಲು ಒಡ್ಡಿಕೊಂಡು ನಿಂತೇ ಇದ್ದಳು,
ಇನ್ನೂ ಏನೋ ಬರುವುದಿದೆ ಎಂಬ ಹಾಗೆ.